ಅಜ್ಜಿಯ ಕಾಲುದೀಪದ ಎರಡು ಹಸಿರು

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ, ಕಡಲಿಗೆ ಅರ್ಧ ಮೈಲಿ ದೂರದ ಮನೆ. ಅಟ್ಟದಲ್ಲಿ ಅಜ್ಜಿಯ ಕಾಲದ ಕಂಚಿನ ಕಾಲುದೀಪ ಸಿಕ್ಕಿತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆವು. ಚೆನ್ನಾಗಿ ಹೊಳೆಯಿತು. ಮಳೆಗಾಲ ಶುರುವಾದ ಮೇಲೆ ಬುಡದಲ್ಲಿ ತಿಳಿ ಹಸಿರು ಚುಕ್ಕೆಗಳು ಎದ್ದಿವೆ. ಮುಟ್ಟಿದರೆ ಪುಡಿ ಉದುರುತ್ತದೆ. ಎಣ್ಣೆ ಹಾಕುವ ಬಟ್ಟಲಲ್ಲೂ ಹಸಿರು ಇದೆ, ಆದರೆ ಅದು ಅಂಟಂಟು. ಚಿನ್ನದಂಗಡಿಯ ಯಂತ್ರದಲ್ಲಿ ಬುಡದ ಕೆಳಮೈ ಇಟ್ಟು ನೋಡಿಸಿದೆ. ತಾಮ್ರ ಶೇ. 61, ತವರ 31, ಸೀಸ 6 ಅಂತ ಬಂತು. ಮಗಳು ಓದುವ ಕಾಲೇಜಿನಲ್ಲಿ ರಾಮನ್ ಯಂತ್ರ ಇದೆಯಂತೆ. ಈ ಹಸಿರು ದೀಪವನ್ನು ತಿನ್ನುತ್ತಿದೆಯಾ? ಯಾವ ಪರೀಕ್ಷೆ ಮಾಡಿಸಲಿ?

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಇನ್ನೊಮ್ಮೆ ತಿಕ್ಕಬೇಡಿ. ಉಪ್ಪು ಹಾಕಿ ಅಂತೂ ಬೇಡವೇ ಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು, ನೀವು ಎರಡು ಹಸಿರನ್ನು ಬೇರೆ ಬೇರೆ ಮಾಡಿ ಬರೆದದ್ದು. ಬುಡದ್ದು ಪುಡಿ, ಬಟ್ಟಲಿನದ್ದು ಅಂಟು. ಅರ್ಧ ಪರೀಕ್ಷೆ ಅಲ್ಲೇ ಆಗಿದೆ. ನಾವು ಎಲ್ಲವನ್ನೂ ಕಿಲುಬು ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ತಾಮ್ರದ ಮೇಲೆ ಹುಟ್ಟುವ ಹಸಿರು, ನೀಲಿ, ಕೆಂಪು, ಕಪ್ಪು ವಸ್ತುಗಳು ಹತ್ತಾರು ಬಗೆ. ಕೆಲವು ಒಳಗಿನ ಲೋಹವನ್ನು ಕಾಯುತ್ತವೆ, ಕೆಲವು ತಿನ್ನುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಹಸಿರೇ. ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ತೋರಿಸುವುದಕ್ಕೇ ನಾವು ಸ್ಪೆಕ್ಟ್ರೋಸ್ಕೋಪಿ, ಅಂದರೆ ವಸ್ತುವಿನಿಂದ ಬರುವ ಬೆಳಕು, ಕಿರಣಗಳನ್ನು ಬಿಡಿಸಿ ಓದುವ ವಿಧಾನ, ಬಳಸುವುದು.

ತಾಮ್ರಕ್ಕೆ ಗಾಳಿ ತಾಗಿದರೆ ಮೊದಲು ಬರುವುದು ಕೆಂಪು ಪದರ. ಇದರ ಹೆಸರು ಕ್ಯೂಪ್ರೈಟ್, ತಾಮ್ರದ ಒಂದು ಆಕ್ಸೈಡ್. ಹಳೆಯ ಪಾತ್ರೆಯ ಕಂದು ಬಣ್ಣಕ್ಕೆ ಬಹಳ ಮಟ್ಟಿಗೆ ಇದೇ ಕಾರಣ. ಇದರ ಮೇಲೆ ಏನು ಬೆಳೆಯುತ್ತದೆ ಅನ್ನುವುದು ವಸ್ತು ಎಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಮಣ್ಣಿನಲ್ಲಿ ಹೂತಿದ್ದರೆ ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಸೇರಿ ಮ್ಯಾಲಕೈಟ್ ಅನ್ನುವ ಹಸಿರು ಕಾರ್ಬೊನೇಟ್ ಬರುತ್ತದೆ. ಕೆಲವೊಮ್ಮೆ ಅಝುರೈಟ್ ಅನ್ನುವ ನೀಲಿ. ಕಲ್ಲಿದ್ದಲ ಹೊಗೆಯ ಊರಾದರೆ ಗಾಳಿಯ ಗಂಧಕದಿಂದ ಬ್ರೊಕಾಂಟೈಟ್ ಅನ್ನುವ ಹಸಿರು ಸಲ್ಫೇಟ್. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಹಸಿರಿನಲ್ಲಿ ಹೆಚ್ಚಿನ ಪಾಲು ಇದೇ. 1886ರಲ್ಲಿ ನಿಲ್ಲಿಸಿದಾಗ ಅದು ಹೊಸ ತಾಮ್ರದ ಕೊಡದ ಬಣ್ಣದಲ್ಲಿತ್ತು. ಅದರ ತಾಮ್ರದ ತಗಡು ಬರೀ 2.4 ಮಿಲಿಮೀಟರ್ ದಪ್ಪ. ಹಸಿರು ಪದರ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದಲೇ ಅಷ್ಟು ತೆಳು ತಗಡು ಇಷ್ಟು ಕಾಲ ಉಳಿದಿದೆ. ಅಲ್ಲಿ ಆ ಹಸಿರನ್ನು ತೆಗೆಯುವುದು ಅಂದರೆ ಮೈಮೇಲಿನ ಚರ್ಮ ಸುಲಿದಂತೆ.

ಕಡಲ ಹತ್ತಿರದ ಕಥೆ ಬೇರೆ. ಅಲ್ಲಿ ಗಾಳಿಯಲ್ಲೇ ಉಪ್ಪು ಇದೆ. ಉಪ್ಪಿನ ಕ್ಲೋರೈಡ್ ತಾಮ್ರದ ಜತೆ ಸೇರಿ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದಲ್ಲಿ ಲೋಹಕ್ಕೆ ತಾಗಿಕೊಂಡೇ, ಮೇಲಿನ ಪದರದ ಅಡಿಯಲ್ಲಿ, ಮೇಣದಂಥ ಮಾಸಲು ಬಣ್ಣದ ಕ್ಯೂಪ್ರಸ್ ಕ್ಲೋರೈಡ್ ಕೂರುತ್ತದೆ. ಖನಿಜದ ಹೆಸರು ನ್ಯಾಂಟೊಕೈಟ್. ಒಣ ಹವೆಯಲ್ಲಿ ಇದು ಸುಮ್ಮನೆ ಮಲಗಿರುತ್ತದೆ. ತೇವ ಮತ್ತು ಆಮ್ಲಜನಕ ಸಿಕ್ಕರೆ ಎರಡನೇ ಹಂತ. ನ್ಯಾಂಟೊಕೈಟ್ ಉಬ್ಬಿ, ತಿಳಿ ಹಸಿರು ಪುಡಿಯಾಗಿ ಹೊರಗೆ ಬರುತ್ತದೆ. ಜತೆಗೆ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಒಳಗಿನ ಹೊಸ ಲೋಹವನ್ನು ತಿಂದು ಮತ್ತೆ ನ್ಯಾಂಟೊಕೈಟ್ ಮಾಡುತ್ತದೆ. ಅದು ಮತ್ತೆ ಪುಡಿ. ಒಮ್ಮೆ ಒಳಗೆ ಹೊಕ್ಕ ಕ್ಲೋರೈಡ್ ಖರ್ಚಾಗದೆ ಸುತ್ತುತ್ತಲೇ ಇರುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಬರ್ಥೆಲೊ ಈ ಚಕ್ರವನ್ನು 1890ರ ದಶಕದಲ್ಲೇ ವಿವರಿಸಿದ್ದರು. ಮ್ಯೂಸಿಯಂ ಜನ ಇದನ್ನು ಬ್ರಾಂಜ್ ಡಿಸೀಸ್ ಅನ್ನುತ್ತಾರೆ. ನಾವು ಕಂಚಿನ ರೋಗ ಅನ್ನಬಹುದು. ಆದರೆ ಇದು ಅಂಟುರೋಗ ಅಲ್ಲ. ಪಕ್ಕದ ಪಾತ್ರೆಗೆ ತಾನಾಗಿ ಹರಡುವುದಿಲ್ಲ.

ಸಾಪೇಕ್ಷ ತೇವಾಂಶ ಶೇ. 42-46ಕ್ಕಿಂತ ಕೆಳಗೇ ಇದ್ದರೆ ಈ ಚಕ್ರ ಹೆಚ್ಚುಕಡಿಮೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಜೋರಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಶೇ. 85 ದಾಟುವುದು ಮಾಮೂಲಿ ಅಲ್ವಾ? ನಿಮ್ಮ ಚುಕ್ಕೆಗಳು ಮಳೆ ಬಂದ ಮೇಲೆ ಎದ್ದದ್ದು ಹೀಗೆ. ಇನ್ನು ಹುಣಸೆಹಣ್ಣು. ಅದರ ಟಾರ್ಟಾರಿಕ್ ಆಮ್ಲ ಹಸಿರನ್ನೂ ಕೆಂಪನ್ನೂ ಕರಗಿಸಿ ಲೋಹವನ್ನು ಬರಿಮೈ ಮಾಡುತ್ತದೆ. ಆ ಬರಿಮೈಗೆ ಉಪ್ಪು ತಿಕ್ಕಿದರೆ ಕ್ಲೋರೈಡನ್ನು ನಾವೇ ಕೈಯಾರೆ ಕೊಟ್ಟ ಹಾಗೆ. ದಿನಾ ಬಳಸುವ ತಾಮ್ರದ ಚೆಂಬಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ಏಕೆಂದರೆ ತೊಳೆದು ಒರೆಸಿ ಇಡುತ್ತೀರಿ. ಹಳೆಯ ಎರಕದಲ್ಲಿ ಸಣ್ಣ ಸಣ್ಣ ರಂಧ್ರ, ಬಿರುಕು ಇರುತ್ತವೆ. ಅಲ್ಲಿ ಹೊಕ್ಕ ಉಪ್ಪು ನೀರಲ್ಲಿ ಜಾಲಾಡಿದರೂ ಪೂರ್ತಿ ಹೊರಬರುವುದಿಲ್ಲ. ವಿಗ್ರಹಗಳಿಗೆ ಎಳನೀರಿನ ಅಭಿಷೇಕ ಮಾಡುತ್ತೇವಲ್ಲ, ಎಳನೀರಿನಲ್ಲೂ ಕ್ಲೋರೈಡ್ ಇದೆ. ಅಭಿಷೇಕ ನಿಲ್ಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆಮೇಲೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆದು, ಸಂದುಗೊಂದು ಬಿಡದೆ ಒಣಗಿಸಿ ಅನ್ನುತ್ತೇನೆ.

ಈಗ ಚಿನ್ನದಂಗಡಿಯ ಯಂತ್ರ. ಅದು ಎಕ್ಸ್‌ಆರ್‌ಎಫ್. ಎಕ್ಸ್ ಕಿರಣ ಬಿದ್ದಾಗ ಪ್ರತಿ ಮೂಲಧಾತುವೂ ತನ್ನದೇ ಶಕ್ತಿಯ ಎಕ್ಸ್ ಕಿರಣವನ್ನು ಹೊರಬಿಡುತ್ತದೆ. ತಾಮ್ರದ್ದು ಸುಮಾರು 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್, ತವರದ್ದು 25.3. ಅದನ್ನು ಎಣಿಸಿ ಯಂತ್ರ ಶೇಕಡಾ ಲೆಕ್ಕ ಕೊಡುತ್ತದೆ. ಯಂತ್ರ ಕೆಟ್ಟಿಲ್ಲ. ಆದರೆ ನಿಮ್ಮ ಶೇ. 31 ತವರವನ್ನು ನಾನು ನಂಬುವುದಿಲ್ಲ. ಕೇರಳದ ಆರನ್ಮುಳ ಕನ್ನಡಿಯ ಲೋಹದಲ್ಲಿ ತವರ ಶೇ. 32ರಿಂದ 34ರಷ್ಟು ಇರುತ್ತದೆ. ಅದು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅಂಥ ಲೋಹದಲ್ಲಿ ಯಾರೂ ಕಾಲುದೀಪ ಎರಕ ಹೊಯ್ಯುವುದಿಲ್ಲ.

ಹಾಗಾದರೆ 31 ಎಲ್ಲಿಂದ ಬಂತು? ಕಂಚು ಹಳತಾದಂತೆ ತಾಮ್ರ ಕರಗಿ ಹೊರಗೆ ಹೋಗುತ್ತದೆ. ತವರ ಕರಗದ ಆಕ್ಸೈಡ್ ಆಗಿ ಮೇಲ್ಮೈಯಲ್ಲೇ ಉಳಿಯುತ್ತದೆ. ಯಂತ್ರ ನೋಡುವುದು ಮೇಲಿನ ಕೆಲವು ಹತ್ತು ಮೈಕ್ರಾನ್, ಹೆಚ್ಚೆಂದರೆ ಒಂದೆರಡು ಕೂದಲೆಳೆಯ ದಪ್ಪ. ಅದು ಓದಿದ್ದು ದೀಪದ ಕಂಚನ್ನಲ್ಲ, ಅದರ ಮೇಲಿನ ಸಿಪ್ಪೆಯನ್ನು. ಹೊಳೆಯುವ ಕಡೆ, ಎಲ್ಲಾದರೂ ಸವೆದು ಲೋಹ ಕಾಣುವ ಅಂಚಿನಲ್ಲಿ ಇನ್ನೊಮ್ಮೆ ಇಟ್ಟು ನೋಡಿಸಿ. ತವರದ ಅಂಕಿ ಇಳಿಯುತ್ತದೆ. ಆ ಎರಡು ಓದುಗಳ ನಡುವಿನ ವ್ಯತ್ಯಾಸವೇ ನನಗೆ ಬೇಕಾದ ಮಾಹಿತಿ. ಮೇಲ್ಮೈ ಎಷ್ಟು ಸೋತಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಹಿತ್ತಾಳೆ ದೀಪ ಇರುವವರಿಗೂ ಒಂದು ಮಾತು. ಹಿತ್ತಾಳೆಯಲ್ಲಿ ಕರಗಿ ಹೋಗುವುದು ಸತು. ಹಳದಿ ಮೈಯಲ್ಲಿ ಗುಲಾಬಿ ಕೆಂಪಿನ ಕಲೆ ಕಂಡರೆ ಅಲ್ಲಿ ಸತು ಹೋಗಿ ಸೊರಗಿದ ತಾಮ್ರ ಮಾತ್ರ ಉಳಿದಿದೆ ಅಂತ ಅರ್ಥ.

ಈ ಯಂತ್ರಕ್ಕೆ ಇನ್ನೂ ಎರಡು ಮಿತಿ ಇವೆ. ನಮಗೆ ಮುಖ್ಯವಾದ ಕ್ಲೋರಿನ್‌ನ ಎಕ್ಸ್ ಕಿರಣ ಬಹಳ ಮೆದು, 2.62 ಕಿಲೋ ಎಲೆಕ್ಟ್ರಾನ್ ವೋಲ್ಟ್. ಒಂದೆರಡು ಸೆಂಟಿಮೀಟರ್ ಗಾಳಿಯಲ್ಲೇ ಅದರ ಸಾಕಷ್ಟು ಪಾಲು ಇಂಗಿಹೋಗುತ್ತದೆ. ಚಿನ್ನಕ್ಕಾಗಿ ಹೊಂದಿಸಿದ ಯಂತ್ರ ಅದನ್ನು ಹುಡುಕುವುದೂ ಇಲ್ಲ. ಲ್ಯಾಬಿನಲ್ಲಾದರೆ ನಿರ್ವಾತ ಮಾಡಿ ಅಥವಾ ಹೀಲಿಯಂ ಹಾಯಿಸಿ ನೋಡುತ್ತಾರೆ. ಎರಡನೆಯದು ಸೀಸ. ಸೀಸದ ಒಂದು ಗೆರೆ (ಅದು ಹೊರಬಿಡುವ ಎಕ್ಸ್ ಕಿರಣದ ಗುರುತು) 2.34ರಲ್ಲಿ ಬರುತ್ತದೆ, ಗಂಧಕದ್ದು 2.31ರಲ್ಲಿ. ಎರಡೂ ಒಂದರ ಮೇಲೊಂದು ಕೂರುತ್ತವೆ. ನಿಮ್ಮ ದೀಪದಲ್ಲಿ ಸೀಸ ಇದೆ. ಹಾಗಾಗಿ ಯಾರಾದರೂ "ಗಂಧಕ ಇದೆ, ಇದು ಸಲ್ಫೇಟ್ ಕಿಲುಬು" ಅಂದರೆ ಸೀಸದ 10.55 ಮತ್ತು 12.6ರ ಗೆರೆಗಳನ್ನೂ ನೋಡಿದಿರಾ ಅಂತ ಕೇಳಿ. ಅನುಭವ ಇರುವವರೂ ಇಲ್ಲಿ ಎಡವಿದ್ದನ್ನು ನೋಡಿದ್ದೇನೆ.

ಎಕ್ಸ್‌ಆರ್‌ಎಫ್ ಹೇಳುವುದು ಸಾಮಾನು ಪಟ್ಟಿ ಮಾತ್ರ. ಅಕ್ಕಿ, ಉದ್ದು, ಉಪ್ಪು ಇದೆ ಅನ್ನುತ್ತದೆ. ಅದು ಇಡ್ಲಿಯೋ ದೋಸೆಯೋ ಹೇಳುವುದಿಲ್ಲ. ಅದಕ್ಕೆ ಅಣುಗಳನ್ನು ಓದುವ ಯಂತ್ರ ಬೇಕು. ನಿಮ್ಮ ಮಗಳ ಕಾಲೇಜಿನ ರಾಮನ್ ಬೇಕಾಗುವುದು ಈ ಕೆಲಸಕ್ಕೆ.

ಸರ್ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಜತೆ ಸೇರಿ 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡದ್ದು ಇದು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಹಾಯಿಸಿದರೆ ಚೆದುರಿ ಬರುವ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣ. ಕೋಟಿಗೆ ಒಂದರಷ್ಟು ಕಣ ಮಾತ್ರ ಸ್ವಲ್ಪ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನುವುದು ಆ ವಸ್ತುವಿನ ಅಣುಗಳ ಕಂಪನವನ್ನು ಹೇಳುತ್ತದೆ. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ ಕೊನೆಯವರೆಗೂ ಬೆಂಗಳೂರಲ್ಲೇ ಇದ್ದರು. ಆಗ ಲೇಸರ್ ಇರಲಿಲ್ಲ. ಪಾದರಸದ ದೀಪ ಹಚ್ಚಿ, ಫೋಟೋ ಪ್ಲೇಟಿನ ಮೇಲೆ ಗಂಟೆಗಟ್ಟಲೆ ಬೆಳಕು ಹಿಡಿಯಬೇಕಿತ್ತು. ಇವತ್ತು ಅದೇ ಕೆಲಸ ನಿಮಿಷದೊಳಗೆ, ಸಾಸಿವೆಗಿಂತ ಚಿಕ್ಕ ಚುಕ್ಕೆಯ ಮೇಲೆ, ಚೂರೂ ಕೆರೆಯದೆ ಆಗುತ್ತದೆ. ಒಂದು ದೀಪದ ಕಿಲುಬನ್ನು ಓದುವಾಗಲೂ ನನಗೆ ಅವರ ನೆನಪಾಗುತ್ತದೆ.

ರಾಮನ್ ಗ್ರಾಫಿನಲ್ಲಿ ಪ್ರತಿ ವಸ್ತುವಿಗೂ ತನ್ನದೇ ಪೀಕ್‌ಗಳಿವೆ. ಅಳತೆಯ ಘಟಕಕ್ಕೆ ವೇವ್‌ನಂಬರ್ ಅನ್ನುತ್ತಾರೆ. ಕ್ಯೂಪ್ರೈಟ್ 218ರ ಹತ್ತಿರ, ಮ್ಯಾಲಕೈಟ್ 433 ಮತ್ತು 1490ರ ಆಸುಪಾಸು, ಅಝುರೈಟ್ 400ರ ಹತ್ತಿರ. ಕಡಲ ಬದಿಯ ಕ್ಲೋರೈಡ್ ಹಸಿರಾದ ಅಟಕಮೈಟ್‌ಗೆ 513ರಲ್ಲಿ ಜೋರಾದ ಪೀಕ್, ಜತೆಗೆ 820, 846, 911, 974. ಈ ಹೆಸರು ಬಂದದ್ದು ಚಿಲಿ ದೇಶದ ಅಟಕಾಮ ಮರುಭೂಮಿಯಿಂದ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಊರ ಹೊಗೆಯ ಸಲ್ಫೇಟ್ ಬ್ರೊಕಾಂಟೈಟ್‌ನ ಅತಿ ದೊಡ್ಡ ಪೀಕ್ 973ರಲ್ಲಿ. ಅಟಕಮೈಟ್‌ನದು ಒಂದು 974ರಲ್ಲಿ. ಕಂಪ್ಯೂಟರಿನ ಹೋಲಿಕೆ ಪಟ್ಟಿಯನ್ನೇ ನಂಬಿದರೆ ಒಂದು ಇನ್ನೊಂದಾಗಿ ಹೋಗುತ್ತದೆ. ಒಂದು ಲೋಹವನ್ನು ಕಾಯುವಂಥದ್ದು, ಇನ್ನೊಂದು ರೋಗದ ಸೂಚನೆ ಇರಬಹುದು. ಆದ್ದರಿಂದ 513 ಎಷ್ಟು ಎತ್ತರ ಇದೆ ನೋಡಬೇಕು. ಆಮೇಲೆ ಗ್ರಾಫಿನ ಬಲ ತುದಿಗೂ ಹೋಗಬೇಕು. ಅಲ್ಲಿ ಅಟಕಮೈಟ್‌ಗೆ 3350 ಮತ್ತು 3430ರ ಹತ್ತಿರ ಪೀಕ್, ಬ್ರೊಕಾಂಟೈಟ್‌ಗೆ 3565 ಮತ್ತು 3588ರ ಹತ್ತಿರ. ಈ ಭಾಗದಲ್ಲಿ ಗೊಂದಲ ಇರುವುದಿಲ್ಲ. ಎಷ್ಟೋ ವಿದ್ಯಾರ್ಥಿಗಳು ಸಮಯ ಉಳಿಸಲು 1500ಕ್ಕೇ ನಿಲ್ಲಿಸುತ್ತಾರೆ. ನಿಮ್ಮ ಮಗಳಿಗೆ 3700ರವರೆಗೆ ತೆಗೆಯಲು ಹೇಳಿ.

ಅಟಕಮೈಟ್‌ಗೆ ಹೆಚ್ಚುಕಡಿಮೆ ಇದೇ ಸಂಯೋಜನೆಯ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ಕ್ಲೈನೋಅಟಕಮೈಟ್, ಪ್ಯಾರಟಕಮೈಟ್, ಬೊಟಲಕೈಟ್. ಎಲ್ಲದರಲ್ಲೂ ತಾಮ್ರ, ಕ್ಲೋರಿನ್ ಇದ್ದೇ ಇವೆ, ಜೋಡಣೆ ಬೇರೆ. ಎಕ್ಸ್‌ಆರ್‌ಎಫ್‌ಗೆ ಇವನ್ನು ಬೇರೆ ಮಾಡಲು ಬರುವುದಿಲ್ಲ, ರಾಮನ್‌ಗೆ ಬರುತ್ತದೆ. ಕ್ಲೈನೋಅಟಕಮೈಟನ್ನು ಬೇರೆ ಖನಿಜ ಅಂತ ಗುರುತಿಸಿದ್ದೇ 1996ರಲ್ಲಿ. ಅದಕ್ಕಿಂತ ಹಿಂದಿನ ಮ್ಯೂಸಿಯಂ ವರದಿಗಳಲ್ಲಿ ಪ್ಯಾರಟಕಮೈಟ್ ಅಂತ ಕಂಡರೆ ಅದನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ನಿಮ್ಮ ದೀಪದ ಮಟ್ಟಿಗೆ ಈ ನಾಲ್ವರಲ್ಲಿ ಯಾರು ಬಂದರೂ ನನ್ನ ಸಲಹೆ ಒಂದೇ.

ಲೇಸರ್ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ. ಬಹಳ ವರ್ಷದ ಹಿಂದೆ ನಾನು ಒಂದು ಮ್ಯಾಲಕೈಟ್ ಕಣವನ್ನು ನೋಡುತ್ತಿದ್ದೆ. ಪೀಕ್ ಸಣ್ಣದಿದೆ ಅಂತ ಶಕ್ತಿ ಏರಿಸಿದೆ. ಗ್ರಾಫ್ ಬದಲಾಯಿತು, 298ರ ಹತ್ತಿರ ಹೊಸ ಪೀಕ್ ಬಂತು. ಅದು ಟೆನೊರೈಟ್, ತಾಮ್ರದ ಕಪ್ಪು ಆಕ್ಸೈಡ್. ಹಳೆಯ ಬೆಂಕಿ ಅನಾಹುತದ ಗುರುತು ಸಿಕ್ಕಿತು ಅಂತ ಟಿಪ್ಪಣಿಯನ್ನೂ ಬರೆದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಕಣದ ನಡುವೆ ಕರಿ ಚುಕ್ಕೆ. ಬೆಂಕಿ ಇಟ್ಟದ್ದು ನನ್ನ ಲೇಸರ್. ಅವತ್ತಿನಿಂದ ಅಳತೆಗೆ ಮೊದಲು ಒಂದು ಫೋಟೋ, ನಂತರ ಒಂದು ಫೋಟೋ ತೆಗೆಯದೆ ನಾನು ಯಾವ ಫಲಿತಾಂಶವನ್ನೂ ಬರೆದಿಲ್ಲ. ಮಾದರಿಯ ಮೇಲೆ ಒಂದು ಮಿಲಿವಾಟಿಗಿಂತ ಕಡಿಮೆ ಶಕ್ತಿ ಇರಲಿ. ಪೀಕ್ ಸಣ್ಣದಾದರೆ ಶಕ್ತಿ ಏರಿಸಬೇಡಿ, ಸಮಯ ಜಾಸ್ತಿ ಕೊಡಿ. ಎರಡು ಲೇಸರ್ ಇದ್ದರೆ 532 ನ್ಯಾನೋಮೀಟರಿನ ಹಸಿರು ಲೇಸರಿನಿಂದ ಶುರು ಮಾಡಿ. ಎಣ್ಣೆ, ಮಸಿ ಇರುವ ಕಡೆ ಮಿನುಗು (ಲೇಸರ್ ತಾಗಿದಾಗ ಅವು ಹೊರಸೂಸಿ ಪೀಕ್ ಮುಚ್ಚುವ ಬೆಳಕು) ಕಡಿಮೆಯಾಗಲಿ ಅಂತ 785 ಬಳಸುವ ರೂಢಿ ಇದೆ. ಆದರೆ ತಾಮ್ರದ ಹಸಿರುಗಳು ಆ ಕಡೆಯ ಬೆಳಕನ್ನು ಹೀರಿಕೊಳ್ಳುತ್ತವೆ. ಪೀಕ್ ಕುಗ್ಗುತ್ತದೆ, ಕಾವೂ ಏರುತ್ತದೆ.

ಕಾಲುದೀಪ ಯಂತ್ರದೊಳಗೆ ಹಿಡಿಸದಿದ್ದರೆ ಚಿಂತೆ ಬೇಡ. ಉದುರಿದ ಪುಡಿಯನ್ನೇ ಒಂದು ಚಿಕ್ಕ ಗಾಜಿನ ಶೀಸೆಯಲ್ಲಿ ಹಾಕಿ ಕೊಡಿ. ನಾಲ್ಕು ಕಣ ಸಾಕು. ದೀಪವನ್ನು ಕೆರೆಯಬೇಕಾಗಿಲ್ಲ.

ಬಟ್ಟಲಿನ ಅಂಟು ಹಸಿರಿನ ಬಗ್ಗೆ ನನಗೆ ಭಯ ಇಲ್ಲ. ದೀಪದ ಎಣ್ಣೆ ಹಳತಾದಾಗ ಅದರಿಂದ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗುತ್ತವೆ. ಅವು ತಾಮ್ರದ ಜತೆ ಸೇರಿದರೆ ಹಸಿರು ಸೋಪು ಆಗುತ್ತದೆ. ನಿಜವಾದ ಅರ್ಥದಲ್ಲೇ ಸೋಪು. ಸ್ನಾನದ ಸೋಪಿನಲ್ಲಿ ಸೋಡಿಯಂ, ಇದರಲ್ಲಿ ತಾಮ್ರ. ಬತ್ತಿಯ ಸುತ್ತ, ತುಪ್ಪ ಇಟ್ಟ ಹಿತ್ತಾಳೆ ಬಟ್ಟಲಿನ ಅಂಚಿನಲ್ಲಿ ಎಲ್ಲರೂ ಇದನ್ನು ನೋಡಿರುತ್ತೀರಿ. ಎಣ್ಣೆಯ ಮಿನುಗಿನಿಂದ ರಾಮನ್ ಇಲ್ಲಿ ಕುರುಡಾಗುತ್ತದೆ. ಎಫ್‌ಟಿಐಆರ್ ಅನ್ನುವ ಅತಿಕೆಂಪು ಯಂತ್ರ ಒಳ್ಳೆಯದು. ಅದರಲ್ಲಿ 1585ರ ಹತ್ತಿರ ಪೀಕ್ ಇದ್ದರೆ ತಾಮ್ರದ ಸೋಪು. 1740ರಲ್ಲಿ ಇದ್ದರೆ ಇನ್ನೂ ಉಳಿದಿರುವ ಎಣ್ಣೆ. 2850 ಮತ್ತು 2920 ಎರಡರಲ್ಲೂ ಬರುತ್ತವೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಈ ಹಸಿರನ್ನು ಒರೆಸಿ ತೆಗೆಯಬಹುದು. ದೀಪ ಹಚ್ಚಿದ ಮೇಲೆ ಉಳಿದ ಎಣ್ಣೆಯನ್ನು ವಾರಗಟ್ಟಲೆ ಅಲ್ಲೇ ಬಿಡಬೇಡಿ, ಅಷ್ಟೇ.

ರಾಮನ್ ಯಂತ್ರ ಸಿಗದಿದ್ದರೆ ಬುಡದ ಪುಡಿಗೆ ಪಿಯುಸಿ ಲ್ಯಾಬಿನ ಪರೀಕ್ಷೆಯೇ ಸಾಕಷ್ಟು ಹೇಳುತ್ತದೆ. ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆ ಗೊತ್ತು. ಚಿಟಿಕೆಗಿಂತ ಕಡಿಮೆ ಪುಡಿಯನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಬೇಕು. ಮೊಸರಿನಂಥ ಬಿಳಿ ಗಸಿ ಬಂದರೆ ಕ್ಲೋರೈಡ್. ಆಮ್ಲ ಹಾಕಿದಾಗಲೇ ಗುಳ್ಳೆ ಬಂದರೆ ಕಾರ್ಬೊನೇಟೂ ಇದೆ. ಇದನ್ನು ಲ್ಯಾಬಿನಲ್ಲಿ, ಪುಡಿಯ ಮೇಲೆ ಮಾತ್ರ ಮಾಡಿ. ದೀಪದ ಮೇಲೆ ಆಮ್ಲದ ಒಂದು ಹನಿಯೂ ಬೀಳಬಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪುಡಿಯಲ್ಲಿ ಅಟಕಮೈಟ್ ಬಂತು ಅಂದ ಮಾತ್ರಕ್ಕೆ ರೋಗ ಅಂತ ನಾನು ತೀರ್ಪು ಕೊಡುವುದಿಲ್ಲ. ಕಡಲ ಬದಿಯ ಹಳೆಯ ಕಂಚಿನ ಮೇಲೆ ಗಟ್ಟಿಯಾಗಿ ಕೂತ ಅಟಕಮೈಟ್ ಎಷ್ಟೋ ವರ್ಷ ಸುಮ್ಮನಿರಬಹುದು. ರೋಗ ಜೀವಂತ ಇದೆಯೇ ಅನ್ನುವುದನ್ನು ಹೇಳುವುದು ಒಳಗಿನ ನ್ಯಾಂಟೊಕೈಟ್. ಅದು ರಾಮನ್‌ನಲ್ಲಿ ಬಹಳ ಮಂಕಾಗಿ ಕಾಣುತ್ತದೆ, ಎಫ್‌ಟಿಐಆರ್‌ನ ಮಾಮೂಲಿ ವ್ಯಾಪ್ತಿಯಲ್ಲಿ ಕಾಣುವುದೇ ಇಲ್ಲ. ಮೇಲಾಗಿ ಪದರದ ಅಡಿಯಲ್ಲಿ ಅಡಗಿರುತ್ತದೆ. ಖಾತ್ರಿ ಬೇಕಾದರೆ ಎಕ್ಸ್‌ಆರ್‌ಡಿ (ಹರಳಿನ ಜೋಡಣೆಯನ್ನು ಎಕ್ಸ್ ಕಿರಣದಿಂದ ಓದುವ ಪರೀಕ್ಷೆ) ಮಾಡಿಸಬೇಕು, ಅದಕ್ಕೆ ಒಳಪದರದ ಚೂರು ಬೇಕು. ಅಜ್ಜಿಯ ದೀಪದಿಂದ ಚೂರು ತೆಗೆಯಿರಿ ಅಂತ ನಾನು ಹೇಳಲಾರೆ. ಮಳೆಗಾಲದಲ್ಲಿ ಹೊಸದಾಗಿ ಎದ್ದದ್ದು, ತಿಳಿ ಹಸಿರು, ಮುಟ್ಟಿದರೆ ಉದುರುವುದು, ಚುಕ್ಕೆ ಚುಕ್ಕೆಯಾಗಿ ಬರುವುದು, ಈ ನಾಲ್ಕೂ ನಿಮ್ಮ ಪತ್ರದಲ್ಲಿವೆ. ಇದರ ಜತೆ ಪುಡಿಯಲ್ಲಿ ಕ್ಲೋರೈಡ್ ಖಚಿತವಾದರೆ ಜೀವಂತ ರೋಗ ಅಂತಲೇ ತಿಳಿದು ನಡೆದುಕೊಳ್ಳಿ.

ಫಲಿತಾಂಶ ಬರುವವರೆಗೂ ಕಾಯಬೇಕಾಗಿಲ್ಲ. ದೀಪದ ಪುಡಿಯನ್ನು ಮೆತ್ತನೆ ಬ್ರಷ್‌ನಿಂದ ಒಣಗಾಗಿಯೇ ಕೊಡವಿ. ನೀರು ಬೇಡ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ ಜತೆ ಇಡಿ. ಒಳಗೆ ಒಂದು ಚಿಕ್ಕ ತೇವಾಂಶ ಮೀಟರ್ ಹಾಕಿ. ಶೇ. 40ರ ಒಳಗಿರಬೇಕು. ಏರಿದರೆ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಬೆಂಜೋಟ್ರಯಜೋಲ್ ಅನ್ನುವ ಮದ್ದಿನ ಬಗ್ಗೆ ನೀವು ಓದಿರಬಹುದು. 1967ರಿಂದ ಕಂಚಿನ ರೋಗಕ್ಕೆ ಬಳಕೆಯಲ್ಲಿದೆ, ಸಾಮಾನ್ಯವಾಗಿ ಆಲ್ಕೊಹಾಲಿನಲ್ಲಿ ಶೇ. 3ರ ದ್ರಾವಣ. ಕೆಲಸ ಮಾಡುತ್ತದೆ, ಆದರೆ ನಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಬೇಡ. ಅದನ್ನು ತಿಳಿದ ಸಂರಕ್ಷಕರೇ ಮಾಡಬೇಕು. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಅಲ್ಲಿ ವಿಚಾರಿಸಿ ನೋಡಿ. ಅವರಿಗೆ ದೀಪ ಮತ್ತೆ ಹಚ್ಚುವ ಉದ್ದೇಶ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲೇ ಹೇಳಿ. ಕೊನೆಗೆ ಬಳಿಯುವ ಮೇಣ, ಲ್ಯಾಕರ್‌ಗಳು ಬೆಂಕಿಯ ಕಾವಿಗೆ ನಿಲ್ಲುವುದಿಲ್ಲ.

ಡಬ್ಬಿಯಲ್ಲಿ ದೀಪದ ಅಡಿಗೆ ಒಂದು ಬಿಳಿ ಕಾಗದ ಹಾಸಿ, ಮೂಲೆಯಲ್ಲಿ ದಿನಾಂಕ ಬರೆಯಿರಿ. ವಾರಕ್ಕೊಮ್ಮೆ ಮುಚ್ಚಳದ ಹೊರಗಿನಿಂದಲೇ ನೋಡಿ. ತಿಂಗಳಾದರೂ ಕಾಗದ ಬಿಳಿಯಾಗೇ ಇದ್ದರೆ ಚಕ್ರ ನಿಂತಿದೆ. ಒಣ ಡಬ್ಬಿಯಲ್ಲೂ ಹಸಿರು ಪುಡಿ ಬಿದ್ದಿದ್ದರೆ ಆ ಕಾಗದವನ್ನು ಹಾಗೇ ಮಡಚಿ, ರಾಮನ್ ಗ್ರಾಫ್ ಮತ್ತು ಹೊಳೆಯುವ ಅಂಚಿನಲ್ಲಿ ತೆಗೆಸಿದ ಎಕ್ಸ್‌ಆರ್‌ಎಫ್ ಅಂಕಿಗಳ ಜತೆ ನನಗೆ ಕಳಿಸಿ.